ಹಳೆಯ ಅಣೆಕಟ್ಟಿಗೆ ಹೊಸ ಗೇಟು: ತುಂಗಭದ್ರೆಯ 19ನೇ ಗೇಟಿನ ಲೆಕ್ಕ

ಹಳೆಯದನ್ನು ತೆಗೆದು ಅದಕ್ಕಿಂತ ಗಟ್ಟಿಯಾದದ್ದನ್ನು ಕೂರಿಸಿದರೆ ನವೀಕರಣ ಮುಗಿಯಿತು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಬಗ್ಗೆ ಓದಿದ ಮೇಲೆ ಆ ತಿಳಿವಳಿಕೆ ತಿರುವುಮುರುವಾಯಿತು.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ಹೆಚ್ಚುಕಡಿಮೆ ತುಂಬಿದ್ದಾಗ, 33 ಕ್ರಸ್ಟ್ ಗೇಟುಗಳ (ಅಣೆಕಟ್ಟಿನ ನೆತ್ತಿಯಲ್ಲಿ ನೀರು ಬಿಡುವ ಗೇಟುಗಳು) ಪೈಕಿ 19ನೆಯದನ್ನು ಎತ್ತುವ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ.

ಈಗ ಲೆಕ್ಕ. ನೀರಿನ ಒತ್ತಡ ಮೇಲ್ಮೈಯಲ್ಲಿ ಸೊನ್ನೆ, ಆಳಕ್ಕೆ ಹೋದಂತೆ ಏರುತ್ತದೆ. ಹಾಗಾಗಿ ಸರಾಸರಿ ಆಳವನ್ನು ಹಿಡಿಯಬೇಕು: 20 ಅಡಿ ಎಂದರೆ 6.1 ಮೀಟರ್, ಅದರ ಅರ್ಧ. (ನಾನು ಮೊದಲ ಸಲ ಪೂರ್ತಿ ಆಳವನ್ನೇ ಹಿಡಿದು ಎರಡು ಪಟ್ಟು ಉತ್ತರ ತೆಗೆದಿದ್ದೆ, ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.) ಸರಾಸರಿ ಆಳ, ಎತ್ತರ, ಅಗಲ ಮೂರನ್ನೂ ಮೀಟರಿನಲ್ಲಿ ಗುಣಿಸಿದರೆ, 3.05 × 6.1 × 18.3. ಒಂದು ಘನ ಮೀಟರ್ ನೀರು ಒಂದು ಟನ್, ಹಾಗಾಗಿ ಸುಮಾರು 340 ಟನ್. ಒಂದು ಗೇಟು ತಡೆದು ನಿಲ್ಲಿಸಬೇಕಾದ ಭಾರ ಇಷ್ಟು.

ಈ ಭಾರ ಗೇಟಿನಲ್ಲೇ ಉಳಿಯುವುದಿಲ್ಲ. ಅಕ್ಕಪಕ್ಕದ ಕಂಬಗಳಲ್ಲಿ ಗೇಟು ಕೂರುವ ಸೀಳುಗಳ ಮೂಲಕ 1950ರ ದಶಕದ ಕಲ್ಲುಕಟ್ಟಡಕ್ಕೆ ಇಳಿಯುತ್ತದೆ. ಉಕ್ಕು ಎಷ್ಟೇ ಹೊಸದಾಗಿರಲಿ, ಸೀಳು ಹಳೆಯದೇ. ಹೊಸ ಭಾಗದ ಅಳತೆಯನ್ನು ತೀರ್ಮಾನಿಸುವುದೂ ಅದೇ. ಗೇಟನ್ನು ದಪ್ಪ ಮಾಡಿದರೆ ತೂಕ ಹೆಚ್ಚುತ್ತದೆ, ಆಗ ಎತ್ತುವ ಯಂತ್ರವನ್ನೂ ಬದಲಿಸಬೇಕು.

ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ಆಗಸ್ಟ್ 17ರ ಹೊತ್ತಿಗೆ ಸ್ಟಾಪ್‌ಲಾಗ್, ಅಂದರೆ ಕಿಂಡಿ ಮುಚ್ಚುವ ತಾತ್ಕಾಲಿಕ ಅಡ್ಡಗಟ್ಟು, ಕೂರಿಸಲಾಯಿತು. ಒಂದೇ ಗೇಟಿನ ಬದಲು ತಲಾ 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳು, ಒಂದರ ಮೇಲೊಂದು. ಎತ್ತರ ಸಮ, ಹೊರೆ ಮಾತ್ರ ಸಮವಲ್ಲ. ಜಲಾಶಯ ತುಂಬಿದ್ದರೆ ಮೇಲಿನ ತುಂಡಿಗೆ ಬೀಳುವುದು ಒಟ್ಟು ಭಾರದ ಶೇ 4, ಎಂದರೆ ಸುಮಾರು 14 ಟನ್. ತಳದ ತುಂಡಿಗೆ ಶೇ 36, ಸುಮಾರು 122 ಟನ್. ಮೊದಲು ಇಳಿಸಬೇಕಾದದ್ದೂ ತಳದ ತುಂಡನ್ನೇ, ಅದೂ ಭೋರ್ಗರೆಯುವ ನೀರಿನೊಳಕ್ಕೆ! ಪುಸ್ತಕದ ಚಿತ್ರದಲ್ಲಿ ಈ ಸಂಕಟ ಕಾಣುವುದಿಲ್ಲ.

ಸ್ಟಾಪ್‌ಲಾಗ್ ತಾತ್ಕಾಲಿಕ. ಪ್ರವಾಹ ಬಂದಾಗ ಗೇಟಿನಂತೆ ಅದನ್ನು ಮೇಲೆತ್ತಿ ನೀರು ಬಿಡಲಾಗದು. ಉಳಿದ ಗೇಟುಗಳಿಗೂ ವಯಸ್ಸಾಗಿತ್ತು. ಆದ್ದರಿಂದ 2025ರ ಮಳೆಗಾಲದಲ್ಲಿ ಸಂಗ್ರಹವನ್ನು 105.79 ಟಿಎಂಸಿ ಅಡಿಯ ಬದಲು ಸುಮಾರು 80ಕ್ಕೆ ಮಿತಿಗೊಳಿಸಲಾಯಿತು. ಆಗ ಗೇಟಿಗೆ ತಾಗುವ ನೀರಿನ ಆಳ 20 ಅಡಿಯಿಂದ ಸುಮಾರು 13 ಅಡಿಗೆ ಇಳಿಯುತ್ತದೆ. ಹೊರೆ ಆಳದ ವರ್ಗಕ್ಕೆ ಅನುಗುಣ, ಹಾಗಾಗಿ ಉಳಿಯುವುದು 144 ಟನ್. ನೀರು ಕಾಲು ಭಾಗದಷ್ಟು ಕಡಿಮೆ, ಗೇಟಿನ ಹೊರೆ ಅರ್ಧಕ್ಕಿಂತ ಹೆಚ್ಚು ಕಡಿಮೆ.