ಕೈಪಟ್ಟಿಯ ಕಂಪನ ಮತ್ತು ಮಗುವಿನ ಗಮನ

ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿನ ಕೈಗೆ ಕಂಪಿಸುವ ಪಟ್ಟಿಯೊಂದನ್ನು ಕಟ್ಟಿ ನನ್ನ ಬಳಿಗೆ ಕರೆತಂದು, "ಇನ್ನು ಮಾತ್ರೆ ನಿಲ್ಲಿಸಬಹುದಲ್ಲವೇ?" ಎಂದು ಕೇಳುವ ತಂದೆತಾಯಂದಿರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇಂಥ ಪಟ್ಟಿಗೆ ಒಪ್ಪಿಗೆ ಕೊಟ್ಟಿದೆ ಎಂದು ಕೆಲವರು ವಾದಿಸುತ್ತಾರೆ. ಆದರೆ 2019ರಲ್ಲಿ ಅದು ಅನುಮತಿಸಿದ್ದು, ನಿದ್ರೆಯಲ್ಲಿ ಹಣೆಗೆ ಅಂಟಿಸಿ ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರಕ್ಕೆ ಸೂಕ್ಷ್ಮ ವಿದ್ಯುತ್ ಹರಿಸುವ ಬೇರೆಯೇ ಸಾಧನವನ್ನು. ಅದರ ಹಿಂದಿದ್ದ ಪ್ರಯೋಗವೂ 62 ಮಕ್ಕಳ ಮೇಲೆ ನಾಲ್ಕು ವಾರ ನಡೆದದ್ದು.

ಕಂಪನ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ಕೆಲವು ಮಕ್ಕಳಿಗೆ ಅದರಿಂದ ಹಿತವೆನಿಸಬಹುದು, ಚಡಪಡಿಕೆ ತುಸು ತಗ್ಗಲೂಬಹುದು. ಆದರೆ ಶಾಂತವಾಗಿ ಕುಳಿತ ಮಗು ಪಾಠಕ್ಕೆ ಗಮನ ಕೊಡುತ್ತಿದೆ ಎಂದು ತಿಳಿಯುವುದೇ ನಾನು ಮತ್ತೆ ಮತ್ತೆ ಕಾಣುವ ತಪ್ಪು. ಚರ್ಮದಡಿಯಲ್ಲಿ ಕಂಪನವನ್ನು ಗ್ರಹಿಸುವ ಪಾಸಿನಿಯನ್ ಗ್ರಾಹಕಗಳು ಬದಲಾವಣೆಗೆ ಚುರುಕಾಗಿ ಸ್ಪಂದಿಸಿ, ಒಂದೇ ಒತ್ತಡ ಹಾಗೆಯೇ ಮುಂದುವರಿದರೆ ಬೇಗನೆ ಸುಮ್ಮನಾಗುತ್ತವೆ. ಬಿಡದೆ ಗುಂಯ್‌ಗುಡುವ ಕಂಪನಕ್ಕೂ ಮೈ ಹೊತ್ತು ಕಳೆದಂತೆ ಒಗ್ಗಿಹೋಗುತ್ತದೆ. ಆದ್ದರಿಂದ ದಿನವಿಡೀ ಕಂಪಿಸುವ ಪಟ್ಟಿಗಿಂತ, ಕೆಲವು ನಿಮಿಷಗಳಿಗೊಮ್ಮೆ ಕಂಪಿಸಿ ಎಚ್ಚರಿಸುವ ಪಟ್ಟಿ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಅದೂ ಆ ಎಚ್ಚರಿಕೆ ಬಂದಾಗ ಏನು ಮಾಡಬೇಕೆಂದು ಮಗುವಿಗೆ ಕಲಿಸಿದ್ದರೆ ಮಾತ್ರ.

ಪಟ್ಟಿ ಕಟ್ಟಿಕೊಂಡು ಬಂದಿದ್ದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳನ್ನು, "ಇದು ಗುಂಯ್ ಅಂದಾಗ ಏನು ಮಾಡ್ತೀಯಮ್ಮ?" ಎಂದು ಕೇಳಿದೆ. "ಆಫ್ ಮಾಡ್ತೀನಿ" ಎಂದಳು. ಅವಳಿಗೆ ಯಾರೂ ಬೇರೇನನ್ನೂ ಹೇಳಿರಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಚೌಕಗಳನ್ನು ಬರೆದು, ಪಟ್ಟಿ ಕಂಪಿಸಿದಾಗ "ನಾನೀಗ ಲೆಕ್ಕ ಮಾಡುತ್ತಿದ್ದೇನೆಯೇ?" ಎಂದು ತನ್ನನ್ನೇ ಕೇಳಿಕೊಂಡು, ಹೌದಾದರೆ ಗುರುತು ಹಾಕುವುದನ್ನೂ, ಇಲ್ಲವಾದರೆ ಬೈಗುಳದ ಭಯವಿಲ್ಲದೆ ಚೌಕವನ್ನು ಖಾಲಿ ಬಿಟ್ಟು ಲೆಕ್ಕಕ್ಕೆ ಮರಳುವುದನ್ನೂ ಅವಳಿಗೆ, ಅವಳಿಗಿಂತ ಹೆಚ್ಚಾಗಿ ಅವಳ ತಾಯಿಗೆ, ಕಲಿಸಬೇಕಾಯಿತು. ಖಾಲಿ ಚೌಕ ಕಂಡೊಡನೆ ಗದರುವ ಮನೆಯಲ್ಲಿ ಮಗು ಸುಳ್ಳು ಗುರುತು ಹಾಕಲು ಕಲಿಯುತ್ತದೆ.

ಪಟ್ಟಿ ಕೊಳ್ಳುವುದಾದರೆ ಕೊಳ್ಳಿ, ಶಿಕ್ಷಕರಿಗೂ ತಿಳಿಸಿ, ಕೆಲವು ವಾರಗಳ ಚೌಕಗಳನ್ನು ಜೋಪಾನವಾಗಿಟ್ಟು ತನ್ನಿ. ಆರು ವರ್ಷ ತುಂಬದ ಮಕ್ಕಳಲ್ಲಿ ಮಗುವಿನ ವರ್ತನೆಯನ್ನು ನಿಭಾಯಿಸಲು ಪೋಷಕರಿಗೆ ಕೊಡುವ ತರಬೇತಿಯೇ ಮೊದಲ ಚಿಕಿತ್ಸೆ; ಆ ವಯಸ್ಸಿನವರಿಗೆ ಪಟ್ಟಿಯನ್ನು ನಾನು ಸೂಚಿಸುವುದಿಲ್ಲ. ಮಾತ್ರೆಯ ಪ್ರಮಾಣದ ಮಾತನ್ನು ಮಾತ್ರ, ಅದನ್ನು ಬರೆದುಕೊಟ್ಟ ವೈದ್ಯರೊಂದಿಗೇ ಆಡಿ.