ವಿಧಾನ ಪರಿಷತ್ತು ಬೇಕೇ, ಬೇಡವೇ: ಉತ್ತರ ಬರೆಯುವ ಮೊದಲು ಪ್ರಜಾಪ್ರತಿನಿಧಿ ಕಾಯ್ದೆಯ 76ನೇ ಕಲಂ ಓದಿ

ರಾಯಚೂರಿನ ನಮ್ಮ ಓದಿನ ಗುಂಪಿನಲ್ಲಿ ಕಳೆದ ವಾರ ಬರೆದ ಅಭ್ಯಾಸ ಪ್ರಶ್ನೆ ಇದು: ‘ವಿಧಾನ ಪರಿಷತ್ತು ರಾಜ್ಯದ ಬೊಕ್ಕಸಕ್ಕೆ ಹೊರೆ. ಅದನ್ನು ರದ್ದುಪಡಿಸಬೇಕೇ? ಚರ್ಚಿಸಿ.’ ಎಲ್ಲರ ಉತ್ತರಗಳನ್ನೂ ಓದಿದೆ. ‘ಬಿಳಿಯಾನೆ’, ‘ಸೋತವರಿಗೆ ಪುನರ್ವಸತಿ ಕೇಂದ್ರ’, ‘ದುಂದುವೆಚ್ಚ’ ಎಂಬ ಪದಗಳು ಬಹುತೇಕ ಎಲ್ಲದರಲ್ಲೂ ಇವೆ. ಆದರೆ ಯಾವ ಖರ್ಚು, ಯಾರ ಹಣ, ಲೆಕ್ಕ ಕೇಳುವವರು ಯಾರು ಎಂಬುದನ್ನು ಒಬ್ಬರೂ ಬಿಡಿಸಿ ಬರೆದಿಲ್ಲ. ಅದಕ್ಕಾಗಿಯೇ ಈ ಟಿಪ್ಪಣಿ.

ರಚನೆಯ ಭಾಗ ನಿಮಗೆಲ್ಲ ಬಾಯಿಪಾಠವಾಗಿದೆ, ಬೇಗ ಮುಗಿಸುತ್ತೇನೆ. ಒಟ್ಟು 75 ಸದಸ್ಯರು: ವಿಧಾನಸಭೆಯಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶಿತರು 11. ಅವಧಿ ಆರು ವರ್ಷ. ಇಂಥ ಮೇಲ್ಮನೆ ಈಗ ಆರು ರಾಜ್ಯಗಳಲ್ಲಿ ಮಾತ್ರ ಇದೆ: ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಉತ್ತರಪ್ರದೇಶ, ಬಿಹಾರ.

ಇನ್ನು ಖರ್ಚಿನ ವಿಷಯ. ಇಲ್ಲಿ ಮೂರು ಬೇರೆ ಬೇರೆ ಹಣಗಳಿವೆ. ನಮ್ಮವರು ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ, ಎಡವಟ್ಟಾಗುವುದು ಅಲ್ಲೇ.

ಮೊದಲನೆಯದು ವೇತನ ಮತ್ತು ಭತ್ಯೆ. ಸಂವಿಧಾನದ 195ನೇ ವಿಧಿಯ ಪ್ರಕಾರ ಇದನ್ನು ಶಾಸನಸಭೆಯೇ ಕಾನೂನು ಮಾಡಿ ಗೊತ್ತುಪಡಿಸುತ್ತದೆ, ಅಂದರೆ ತಮ್ಮ ಸಂಬಳವನ್ನು ತಾವೇ ಬರೆದುಕೊಳ್ಳುತ್ತಾರೆ. 2025ರ ಮಾರ್ಚ್‌ನಲ್ಲಿ ಶಾಸಕರ ಮಾಸಿಕ ವೇತನ 40,000 ರೂಪಾಯಿಯಿಂದ 80,000ಕ್ಕೆ ಏರಿದ್ದು ಸದನದ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಈಗ ಗುಣಿಸಿ ನೋಡಿ: 75 ಜನ, 80,000, ಹನ್ನೆರಡು ತಿಂಗಳು. ವರ್ಷಕ್ಕೆ 7 ಕೋಟಿ 20 ಲಕ್ಷ. ಭತ್ಯೆ, ಪಿಂಚಣಿ, ಸಚಿವಾಲಯದ ವೆಚ್ಚ ಸೇರಿದರೆ ಇದರ ಹಲವು ಪಟ್ಟಾಗುತ್ತದೆ, ಒಪ್ಪುತ್ತೇನೆ. ಆದರೆ ಸಂಬಳ ತಾವೇ ಏರಿಸಿಕೊಳ್ಳುವ ದೋಷ ಪರಿಷತ್ತಿನದಷ್ಟೇ ಅಲ್ಲ, ವಿಧಾನಸಭೆಯದೂ ಹೌದು. ಪರಿಷತ್ತನ್ನು ರದ್ದು ಮಾಡಿದ ಮರುದಿನವೂ ಅದು ಹಾಗೆಯೇ ಇರುತ್ತದೆ. ಬ್ರಿಟನ್ನಿನಲ್ಲಿ 2009ರಲ್ಲಿ ಸಂಸದರ ಭತ್ಯೆ ಹಗರಣ ಬಯಲಾದಾಗ, ಕೆಳಮನೆಯ ಸದಸ್ಯರ ಭತ್ಯೆ ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರವನ್ನೇ ಕಾನೂನಿನ ಮೂಲಕ ಸ್ಥಾಪಿಸಿದರು. ನಮ್ಮಲ್ಲಿ ಮಹಾಲೇಖಪಾಲರ ವರದಿ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಆ ಸಮಿತಿಯಲ್ಲಿ ಕೂರುವವರೂ ಎರಡೂ ಸದನಗಳ ಸದಸ್ಯರೇ ಎಂಬುದನ್ನು ಉತ್ತರದಲ್ಲಿ ಮರೆಯಬೇಡಿ.

ಎರಡನೆಯದು ಪ್ರದೇಶಾಭಿವೃದ್ಧಿ ನಿಧಿ. ಒಬ್ಬ ಸದಸ್ಯರಿಗೆ ವರ್ಷಕ್ಕೆ 2 ಕೋಟಿ ಎಂದೊಡನೆ ‘150 ಕೋಟಿ ತಿಂದರು’ ಎಂದು ಇಬ್ಬರು ಬರೆದಿದ್ದಾರೆ. ಇದು ತಪ್ಪು. ಹಣ ಇರುವುದು ಜಿಲ್ಲಾಧಿಕಾರಿಯ ಖಾತೆಯಲ್ಲಿ, ಸದಸ್ಯರು ಕಾಮಗಾರಿಗೆ ಶಿಫಾರಸು ಮಾಡುತ್ತಾರೆ ಅಷ್ಟೆ. ಯಾವ ಊರಿಗೆ ಯಾವ ಸಮುದಾಯ ಭವನ ಬಂತು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದು.

ಮೂರನೆಯದು ಚುನಾವಣೆಯ ಹಣ. ನಾನು ನಿಲ್ಲಬೇಕೆಂದಿರುವುದು ಇಲ್ಲಿ.

2021ರ ಡಿಸೆಂಬರ್ 10ರಂದು ಸ್ಥಳೀಯ ಸಂಸ್ಥೆಗಳ 25 ಸ್ಥಾನಗಳಿಗೆ ಮತದಾನವಾಯಿತು. ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳು ಸೇರಿ ಒಂದು ಕ್ಷೇತ್ರ. ಸಿಂಧನೂರು ತಾಲ್ಲೂಕಿನ ಹಳ್ಳಿಯಲ್ಲಿ ನನ್ನ ಚಿಗವ್ವ ಆಗ ಗ್ರಾಮ ಪಂಚಾಯಿತಿ ಸದಸ್ಯೆ, ಅಂದರೆ ಈ ಚುನಾವಣೆಯ ಮತದಾರಳು. ಭತ್ತದ ಒಕ್ಕಲು ನಡೆದಿದ್ದ ದಿನಗಳು. ಒಂದು ಸಂಜೆ ಕಾರಿನಲ್ಲಿ ಬಂದವರು ಅಂಗಳದಲ್ಲಿ ನಿಂತೇ ಮಾತಾಡಿ, ಹೋಗುವಾಗ ಒಂದು ಕವರು ಇಟ್ಟು ಹೋದರು. ಚಿಗವ್ವ ಅದನ್ನು ಒಡೆಯಲಿಲ್ಲ. ಗೋಡೆಯ ಮಾಡದಲ್ಲಿ, ಚಿಮಣಿಯ ಪಕ್ಕ ಇಟ್ಟಳು. ಎರಡು ದಿನ ಅದು ಅಲ್ಲೇ ಇತ್ತು, ಮನೆಯವರೆಲ್ಲ ಅದನ್ನು ನೋಡುತ್ತ ಓಡಾಡಿದೆವು. ಮೂರನೆಯ ದಿನ ಅದೇ ಮನುಷ್ಯ ಪಕ್ಕದ ಮನೆಗೆ ಬಂದಾಗ ಕರೆದು ಕೈಗಿತ್ತಳು. ‘ಯಾಕವ್ವಾ, ಕಡಿಮೆಯಾಯಿತೇ?’ ಎಂದು ಅವರು ಕೇಳಿದರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಮತದಾನದ ದಿನ ಪಂಚಾಯಿತಿ ಕಚೇರಿಯಲ್ಲಿ ಕೊಟ್ಟ ನೇರಳೆ ಪೆನ್ನಿನಲ್ಲಿ ತನಗೆ ಬೇಕಾದವರ ಹೆಸರಿನ ಮುಂದೆ 1 ಎಂದು ಬರೆದು ಬಂದಳು.

‘ಈ ಹಣವನ್ನೆಲ್ಲ ಅವರು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?’ ಎಂದು ಚಿಗವ್ವ ಆ ರಾತ್ರಿ ನನ್ನನ್ನು ಕೇಳಿದಳು. ಪರೀಕ್ಷೆಗೆ ಓದುವವನು, ನನಗೆ ಗೊತ್ತಿರಬೇಕು ಎಂದುಕೊಂಡಿದ್ದಳು. ‘ಚುನಾವಣಾ ಆಯೋಗಕ್ಕೆ ಲೆಕ್ಕ ಕೊಡಬೇಕು, ಮಿತಿ ಇದೆ’ ಎಂದು ಧೈರ್ಯವಾಗಿ ಹೇಳಿದೆ. ಹೇಳಿದ್ದು ತಪ್ಪಾಗಿತ್ತು.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಂ ಅಭ್ಯರ್ಥಿ ಖರ್ಚಿನ ಲೆಕ್ಕ ಇಡಬೇಕು ಎನ್ನುತ್ತದೆ. 78ನೇ ಕಲಂ ಫಲಿತಾಂಶದ 30 ದಿನದೊಳಗೆ ಆ ಲೆಕ್ಕ ಸಲ್ಲಿಸಬೇಕು ಎನ್ನುತ್ತದೆ. ಸಲ್ಲಿಸದಿದ್ದರೆ 10ಎ ಕಲಂ ಪ್ರಕಾರ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಮಿತಿ ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಇಷ್ಟನ್ನು ಎಲ್ಲರೂ ಓದುತ್ತೇವೆ. ಆದರೆ ಈ ಅಧ್ಯಾಯದ ಬಾಗಿಲಲ್ಲಿ ನಿಂತಿರುವ 76ನೇ ಕಲಮನ್ನು ದಾಟಿ ಹೋಗುತ್ತೇವೆ. ಈ ಅಧ್ಯಾಯ ಲೋಕಸಭೆ ಮತ್ತು ವಿಧಾನಸಭೆಯ ಚುನಾವಣೆಗಳಿಗೆ ಮಾತ್ರ ಅನ್ವಯ ಎಂದು ಅದು ಒಂದೇ ವಾಕ್ಯದಲ್ಲಿ ಹೇಳುತ್ತದೆ. ಪರಿಷತ್ತಿನ ಚುನಾವಣೆಗೆ ಮಿತಿಯೂ ಇಲ್ಲ, ಕಾಯ್ದೆಯಡಿ ಲೆಕ್ಕವೂ ಇಲ್ಲ. ಲಂಚ ಕೊಡುವುದು 123ನೇ ಕಲಂ ಪ್ರಕಾರ ಭ್ರಷ್ಟ ಆಚರಣೆಯೇ, ಅದಕ್ಕೆ ವಿನಾಯಿತಿ ಇಲ್ಲ. ಆದರೆ ಒಟ್ಟು ಎಷ್ಟು ಖರ್ಚು ಮಾಡಿದಿರಿ ಎಂದು ಕೇಳುವ ಪುಸ್ತಕವೇ ಇಲ್ಲದಿರುವಾಗ, ಚಿಗವ್ವನ ಮಾಡದಲ್ಲಿದ್ದಂಥ ಕವರುಗಳನ್ನು ಹಿಡಿಯುವುದು ಕಷ್ಟ. ಒಂದು ಸ್ಥಾನಕ್ಕೆ ಮತದಾರರು ಕೆಲವೇ ಸಾವಿರ ಜನ, ಪ್ರತಿಯೊಬ್ಬರ ಮನೆಯೂ ಗೊತ್ತು. ಮಿತಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದುದು ಇಂಥ ಕ್ಷೇತ್ರಕ್ಕೇ.

ರದ್ದತಿಯ ವಿಧಾನ: 169ನೇ ವಿಧಿ. ವಿಧಾನಸಭೆ ತನ್ನ ಒಟ್ಟು ಸದಸ್ಯಬಲದ ಬಹುಮತದಿಂದ, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲದಿಂದ ನಿರ್ಣಯ ಅಂಗೀಕರಿಸಬೇಕು. ಆಮೇಲೆ ಸಂಸತ್ತು ಸಾಮಾನ್ಯ ಬಹುಮತದಿಂದ ಕಾನೂನು ಮಾಡಬಹುದು. ‘ಮಾಡಬಹುದು’ ಎಂಬಲ್ಲಿ ಗೆರೆ ಎಳೆಯಿರಿ, ಮಾಡಲೇಬೇಕೆಂದಿಲ್ಲ. ಇದು 368ನೇ ವಿಧಿಯಡಿಯ ಸಂವಿಧಾನ ತಿದ್ದುಪಡಿ ಎನಿಸುವುದಿಲ್ಲ, ಪರಿಷತ್ತಿನ ಒಪ್ಪಿಗೆಯೂ ಬೇಕಿಲ್ಲ. ಕೆನಡಾದಲ್ಲಿ ಸೆನೆಟ್ ರದ್ದತಿಗೆ ಎಲ್ಲ ಪ್ರಾಂತ್ಯಗಳೂ ಒಪ್ಪಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅದರೊಡನೆ ಹೋಲಿಸಿದರೆ ನಮ್ಮ ದಾರಿ ಬಹಳ ಸಲೀಸು. ಸಲೀಸಾದುದರಿಂದಲೇ ಆಂಧ್ರ 1985ರಲ್ಲಿ ರದ್ದು ಮಾಡಿತು, 2007ರಲ್ಲಿ ಮತ್ತೆ ಪಡೆಯಿತು, 2020ರಲ್ಲಿ ಮತ್ತೆ ರದ್ದತಿಗೆ ನಿರ್ಣಯ ಮಾಡಿ 2021ರಲ್ಲಿ ಹಿಂಪಡೆಯಿತು.

ಪರಿಷತ್ತಿನ ಕೈ ಎಷ್ಟು ಗಟ್ಟಿ? ಧನ ಮಸೂದೆಯನ್ನು (ಮನಿ ಬಿಲ್) 14 ದಿನ, ಸಾಮಾನ್ಯ ಮಸೂದೆಯನ್ನು ಮೊದಲ ಸುತ್ತಿನಲ್ಲಿ ಮೂರು ತಿಂಗಳು, ಎರಡನೆಯ ಸುತ್ತಿನಲ್ಲಿ ಒಂದು ತಿಂಗಳು ತಡೆಯಬಹುದು. 2024ರ ಫೆಬ್ರುವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿತು, ಅದೇ ತಿಂಗಳು ವಿಧಾನಸಭೆ ಮತ್ತೆ ಅಂಗೀಕರಿಸಿತು. ಅಷ್ಟೇ ಶಕ್ತಿ. ಅದನ್ನು ವ್ಯರ್ಥ ಎನ್ನಲು ನನಗೆ ಮನಸ್ಸಿಲ್ಲ. ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಒಬ್ಬಳು ಹಾಕುವ ಮತ ನೇರವಾಗಿ ಒಂದು ಸದನಕ್ಕೆ ತಲುಪುವ ದಾರಿ ಇದೊಂದೇ.

ಹಾಗಾಗಿ ನನ್ನ ಉತ್ತರ ಹೀಗಿದೆ: ಸದನ ಉಳಿಯಲಿ, 76ನೇ ಕಲಮಿಗೆ ವಿಧಾನ ಪರಿಷತ್ತಿನ ಹೆಸರು ಸೇರಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ಸಂಸತ್ತಿನ ಒಂದು ಸಾಧಾರಣ ಮಸೂದೆ ಸಾಕು. 2021ರಲ್ಲಿ ಗೆದ್ದವರ ಆರು ವರ್ಷ ಮುಗಿಯುವ ಹೊತ್ತಿಗೆ ನಮ್ಮ ರಾಯಚೂರು–ಕೊಪ್ಪಳಕ್ಕೆ ಮತ್ತೆ ಚುನಾವಣೆ ಬರುತ್ತದೆ. ಅಷ್ಟರೊಳಗೆ ಕಲಂ ಬದಲಾಗದಿದ್ದರೆ, ಚಿಗವ್ವ ಕೇಳಿದ ಆ ಪುಸ್ತಕ ಆಗಲೂ ಇರುವುದಿಲ್ಲ.