ಮುಖ ತೊಳೆಯಲು ಎಣ್ಣೆ ಸಾಕಾ? ಎರೆ ಹೊಲದ ಕುಸುಬಿ ಏನು ಹೇಳುತ್ತದೆ

ದೀಪಾವಳಿ ಕಳೆದು ಒಣಗಾಳಿ ಬೀಸತೊಡಗಿದರೆ ವಿಜಯಪುರ, ಬಾಗಲಕೋಟೆ ಕಡೆ ಮುಖಗಳು ಬಿರಿಯುತ್ತವೆ. ತುಟಿ ಒಡೆಯುತ್ತದೆ. ಕೆನ್ನೆ ಮೇಲೆ ಬಿಳಿ ಪೊರೆ ಏಳುತ್ತದೆ. ನಾವು ಚಳಿಯನ್ನು ಬೈಯುತ್ತೇವೆ. ಆದರೆ ತಪ್ಪೆಲ್ಲ ಚಳಿಯದ್ದಲ್ಲ. ದಿನಕ್ಕೆ ಎರಡು ಮೂರು ಸಲ ಬೋರ್‌ವೆಲ್ ನೀರಲ್ಲಿ ಸೋಪು ಹಚ್ಚಿ ಮುಖ ತಿಕ್ಕುತ್ತೇವಲ್ಲ, ಅದರ ಪಾಲೂ ಇದೆ. ಸೋಪಿನ ಬದಲು ಎಣ್ಣೆಯಿಂದ ಮುಖ ತೊಳೆಯಬಹುದಾ, ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದ ಕುಸುಬಿ ಎಣ್ಣೆ ಅದಕ್ಕೆ ಆಗುತ್ತದಾ ಅಂತ ನೋಡೋಣ.

ಕೊಬ್ಬು ಅಥವಾ ಎಣ್ಣೆಯನ್ನು ಕಾಸ್ಟಿಕ್ ಸೋಡಾ ಜೊತೆ ಕುದಿಸಿದರೆ ಸೋಪು ಆಗುತ್ತದೆ. ಅದರ ಒಂದೊಂದು ಅಣುವಿಗೂ ಎರಡು ತುದಿ. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ಹಾಗಾಗಿ ಜಿಡ್ಡು ನೀರಿನ ಜೊತೆ ಹರಿದು ಹೋಗುತ್ತದೆ. ಆದರೆ ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಇವು ಸೋಪಿನ ಜೊತೆ ಸೇರಿದರೆ ನೀರಲ್ಲಿ ಕರಗದ ಬಿಳಿ ಪದಾರ್ಥವಾಗುತ್ತದೆ. ಬಕೆಟ್ಟಿನ ಅಂಚಿಗೆ ಮೆತ್ತಿಕೊಳ್ಳುವುದು ಅದೇ. ಬಕೆಟ್ಟಿಗೆ ಅಂಟಿದ್ದು ಕೆನ್ನೆಗೂ ಅಂಟುತ್ತದೆ, ಅಲ್ವಾ? ನೊರೆ ಬರಲಿಲ್ಲ ಅಂತ ನಾವು ಇನ್ನೂ ಸ್ವಲ್ಪ ಸೋಪು ಹಚ್ಚುತ್ತೇವೆ. ತೊಂದರೆ ಇನ್ನಷ್ಟಾಗುತ್ತದೆ.

ಇನ್ನೊಂದು ವಿಷಯ ಕಣ್ಣಿಗೆ ಕಾಣುವುದಿಲ್ಲ. ಆರೋಗ್ಯವಾಗಿರುವ ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಹುಳಿ, ಕ್ಷಾರ ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಜಾಸ್ತಿಯಾದರೆ ಕ್ಷಾರ. ಚರ್ಮದ ಪಿಎಚ್ ಸುಮಾರು 4.5ರಿಂದ 5.5. ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ವೈದ್ಯರು 1928ರಲ್ಲೇ ಇದನ್ನು ಚರ್ಮದ ಮೇಲಿನ ಆಮ್ಲದ ಹೊದಿಕೆ ಅಂತ ಕರೆದರು. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಸೋಪು ಹಚ್ಚಿದ ಮೇಲೆ ಚರ್ಮ ಮತ್ತೆ ತನ್ನ ಹುಳಿಗೆ ಮರಳಲು ಕೆಲವು ಗಂಟೆ ಬೇಕಾಗಬಹುದು. ಚರ್ಮದ ಹೊರಪದರದಲ್ಲಿ ನೀರನ್ನು ತಡೆದಿಡುವ ಕೊಬ್ಬುಗಳಿವೆ. ಅವನ್ನು ತಯಾರು ಮಾಡುವ ಕಿಣ್ವಗಳು ಚೆನ್ನಾಗಿ ಕೆಲಸ ಮಾಡುವುದು ಆ ಹುಳಿಯಲ್ಲೇ. ಸೋಪಿಗೆ ಬೇಡದ ಜಿಡ್ಡು ಯಾವುದು, ಬೇಕಾದ ಕೊಬ್ಬು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಎತ್ತಿಕೊಂಡು ಹೋಗುತ್ತದೆ. ತೊಳೆದ ಮೇಲೆ ಮುಖ ಬಿಗಿದಂತೆ ಆಗುವುದು ಇದರಿಂದಲೇ. ಆ ಬಿಗಿತವನ್ನು ನಾವು ಸ್ವಚ್ಛ ಆಯಿತು ಅಂತ ತಿಳಿದುಕೊಂಡಿದ್ದೇವೆ.

ಹಾಗಾದರೆ ಎಣ್ಣೆಯಿಂದ ಕೊಳೆ ಹೋಗುತ್ತದಾ? ಹೋಗುತ್ತದೆ. ಬಂಡಿಯ ಕೀಲೆಣ್ಣೆ ಕೈಗೆ ಮೆತ್ತಿದಾಗ ರೈತರು ಮೊದಲು ಸ್ವಲ್ಪ ಎಣ್ಣೆ ತಿಕ್ಕಿ ಬಟ್ಟೆಯಲ್ಲಿ ಒರೆಸುತ್ತಾರೆ, ಆಮೇಲೆ ನೀರಿಗೆ ಹೋಗುತ್ತಾರೆ. ಜಿಡ್ಡು ಜಿಡ್ಡಿನಲ್ಲೇ ಕರಗುತ್ತದೆ. ಮುಖದ ಮೇಲಿನ ಕೊಳೆ ಬಹುಪಾಲು ಜಿಡ್ಡಿಗೆ ಅಂಟಿದ್ದೇ. ನಮ್ಮ ಚರ್ಮದ ಗ್ರಂಥಿಗಳೇ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಮೇಣದಂಥ ಪದಾರ್ಥ, ಸ್ಕ್ವಾಲೀನ್ ಎಂಬ ಜಿಡ್ಡು ಸೇರಿದ ಎಣ್ಣೆಯೊಂದನ್ನು ಹೊರಗೆ ಬಿಡುತ್ತವೆ. ಲಾರಿಯ ಹೊಗೆ, ಕಾಡಿಗೆ, ಸನ್‌ಸ್ಕ್ರೀನ್ ಎಲ್ಲ ಅದಕ್ಕೆ ಅಂಟಿಕೊಂಡು ಕೂರುತ್ತವೆ. ಹೊಸ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ಇವೆಲ್ಲ ಸಡಿಲವಾಗುತ್ತವೆ. ಎಣ್ಣೆಯಲ್ಲಿ ಕ್ಷಾರ ಇಲ್ಲ, ಆದ್ದರಿಂದ ಪಿಎಚ್ ಏರುವ ಮಾತಿಲ್ಲ.

ಆದರೆ ಬೆವರಿನ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅದಕ್ಕೆ ನೀರೇ ಬೇಕು. ಎಣ್ಣೆ ಹಚ್ಚಿ ಸುಮ್ನೆ ಬಿಟ್ಟರೂ ಪ್ರಯೋಜನವಿಲ್ಲ. ಸಡಿಲವಾದ ಕೊಳೆ ಎಣ್ಣೆಯ ಜೊತೆ ಅಲ್ಲೇ ಉಳಿಯುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಇಲ್ಲಿ ನಿಜವಾದ ತೊಳೆಯುವಿಕೆ.

ಇನ್ನು ಯಾವ ಎಣ್ಣೆ ಅನ್ನುವ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ‘ನೈಸರ್ಗಿಕ ಎಣ್ಣೆ’ ಅಂತ ಎಲ್ಲವನ್ನೂ ಒಂದೇ ಸಾಲಲ್ಲಿ ನಿಲ್ಲಿಸುವುದು ಸರಿಯಲ್ಲ.

1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಪೊರೆಪೊರೆಯಾಯಿತು, ಬಾಲದ ಮೇಲೆ ಹುರುಪೆ ಎದ್ದಿತು. ಅವು ವಿಪರೀತ ನೀರು ಕುಡಿಯತೊಡಗಿದವು. ಚರ್ಮದಿಂದ ನೀರು ಆರಿ ಹೋಗುತ್ತಿತ್ತು. ಮುಂದೆ ಲಿನೋಲಿಕ್ ಆಮ್ಲ (ಎಣ್ಣೆಗಳಲ್ಲಿರುವ ಒಂದು ಬಗೆಯ ಕೊಬ್ಬಿನ ಆಮ್ಲ) ಇರುವ ಕೊಬ್ಬು ಕೊಟ್ಟಾಗ ಅವು ಚೇತರಿಸಿಕೊಂಡವು. ಈ ಆಮ್ಲವನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು, ಹೊರಗಿನಿಂದಲೇ ಬರಬೇಕು. ಚರ್ಮದಲ್ಲಿ ನೀರನ್ನು ತಡೆಯುವ ಸೆರಮೈಡ್ ಎಂಬ ಕೊಬ್ಬುಗಳಲ್ಲಿ ಮುಖ್ಯವಾದ ಕೆಲವಕ್ಕೆ ಇದೇ ಕಚ್ಚಾ ಸಾಮಗ್ರಿ. ಇದರ ಕೊರತೆ ಇದ್ದ ರೋಗಿಗಳ ಚರ್ಮಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿದರೆ ಕೊರತೆ ನೀಗುತ್ತದೆ ಅಂತ 1974ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಹೊರಗೆ ಹಚ್ಚಿದ ಎಣ್ಣೆ ಚರ್ಮದೊಳಗೆ ಬಳಕೆಯಾಗುತ್ತದೆ ಅನ್ನುವುದಕ್ಕೆ ಅದು ದೊಡ್ಡ ಸಾಕ್ಷಿ.

ಎಲ್ಲ ಎಣ್ಣೆ ಹೀಗಲ್ಲ. 2013ರಲ್ಲಿ ಇಂಗ್ಲೆಂಡಿನಲ್ಲಿ ವಯಸ್ಕರ ಚರ್ಮದ ಮೇಲೆ ಆಲಿವ್ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಯನ್ನು ಹೋಲಿಸಿ ನೋಡಿದರು. ಆಲಿವ್ ಎಣ್ಣೆ ನೀರನ್ನು ತಡೆದಿಡುವ ಚರ್ಮದ ಹೊರಪದರವನ್ನು ದುರ್ಬಲ ಮಾಡಿತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಆಲಿವ್‌ನಲ್ಲಿ ಓಲಿಕ್ ಆಮ್ಲ ಎಂಬ ಇನ್ನೊಂದು ಕೊಬ್ಬಿನ ಆಮ್ಲ ಜಾಸ್ತಿ, ಅದು ಚರ್ಮದ ಕೊಬ್ಬಿನ ಪದರಗಳನ್ನು ಸಡಿಲಿಸುತ್ತದೆ. ದುಬಾರಿ ಬಾಟಲಿಯ ಆಲಿವ್ ಎಣ್ಣೆಯೇ ಮುಖಕ್ಕೆ ಶ್ರೇಷ್ಠ ಅನ್ನುವ ನಂಬಿಕೆಗೆ ಇದು ನೇರ ಉತ್ತರ.

ನಮ್ಮ ಹೊಲದ ಕುಸುಬಿ ಬೆಲೆಬಾಳುವುದು ಇಲ್ಲೇ. ಹಿಂಗಾರಿ ಜೋಳದ ನಡುವೆ, ಹೊಲದ ಅಂಚಿನಲ್ಲಿ ಸಾಲು ಹಾಕುವ ಆ ಮುಳ್ಳಿನ ಗಿಡವೇ. ದನ ಒಳಗೆ ಬರದಂತೆ ಬೇಲಿಯ ಕೆಲಸವನ್ನೂ ಅದು ಮಾಡುತ್ತದೆ. ಎರೆ ಮಣ್ಣಿನ ಆಳಕ್ಕೆ ಬೇರು ಇಳಿಸಿ, ಉಳಿದ ತೇವದಲ್ಲೇ ಬೆಳೆಯುತ್ತದೆ. ನಮ್ಮ ಹಳೆಯ ತಳಿಗಳ ಕುಸುಬಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 70ರಿಂದ 75 ಪಾಲು ಲಿನೋಲಿಕ್ ಆಮ್ಲವೇ ಇರುತ್ತದೆ. ಅಡುಗೆಯ ಎಣ್ಣೆಗಳಲ್ಲಿ ಇಷ್ಟಿರುವುದು ಬಹಳ ಕಡಿಮೆ. ಎಳ್ಳೆಣ್ಣೆಯಲ್ಲಿ ಲಿನೋಲಿಕ್, ಓಲಿಕ್ ಹೆಚ್ಚುಕಡಿಮೆ ಸಮ. ಶೇಂಗಾ ಎಣ್ಣೆಯಲ್ಲಿ ಓಲಿಕ್‌ದ್ದೇ ಮೇಲುಗೈ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಅದು ಒಣ ಕೈಕಾಲಿಗೆ ಒಳ್ಳೆಯದೇ, ಆದರೆ ಮೊಡವೆ ಏಳುವ ಮುಖಕ್ಕೆ ನಾನು ಹೇಳುವುದಿಲ್ಲ. ಔಡಲೆಣ್ಣೆ (ಹರಳೆಣ್ಣೆ) ತುಂಬ ಮಂದ, ಒರೆಸಿ ತೆಗೆಯುವುದೇ ಕಷ್ಟ. ಅದು ಒಳಗಿನ ವಿಷವನ್ನೆಲ್ಲ ಎಳೆದು ತೆಗೆಯುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ.

ಮೊಡವೆ ಇರುವವರಿಗೂ ಎಣ್ಣೆಯಾ ಅಂತ ಕೇಳಬಹುದು. ಮೊಡವೆ ಇರುವವರ ಚರ್ಮದ ಜಿಡ್ಡಿನಲ್ಲಿ ಲಿನೋಲಿಕ್ ಆಮ್ಲ ಕಡಿಮೆ ಇರುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಕುಸುಬಿಯ ಪರವಾಗಿ ಇದು ಒಳ್ಳೆಯ ಸುಳಿವು, ಆದರೆ ಔಷಧಿ ಅನ್ನುವಷ್ಟಲ್ಲ. ಸೋಪು ಬಿಟ್ಟರೆ ಮುಖದ ಜಿಡ್ಡು ತಾನಾಗಿ ಕಡಿಮೆಯಾಗುತ್ತದೆ ಅನ್ನುವುದೂ ನಿಜವಲ್ಲ. ಜಿಡ್ಡು ಎಷ್ಟು ಬರಬೇಕು ಅನ್ನುವುದನ್ನು ಮುಖ್ಯವಾಗಿ ಹಾರ್ಮೋನುಗಳು ತೀರ್ಮಾನಿಸುತ್ತವೆ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದು ಅಲ್ಲೇ ಕೂತರೆ ಮೊಡವೆ ಏಳುತ್ತದೆ. ಚರ್ಮವೈದ್ಯರು 1970ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರೆ. ಹಚ್ಚಿ ಹಾಗೇ ಬಿಟ್ಟ ಎಣ್ಣೆ ಬೇರೆ, ಹಚ್ಚಿ ಒರೆಸಿ ತೆಗೆದ ಎಣ್ಣೆ ಬೇರೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಹಬ್ಬದ ಎಣ್ಣೆ ಜಳಕದಲ್ಲಿ ಎಣ್ಣೆಯೊಂದೇ ಇರುತ್ತಿರಲಿಲ್ಲ, ಹಿಂದೆಯೇ ಕಡಲೆ ಹಿಟ್ಟೋ ಸೀಗೆಕಾಯಿಯೋ ಬರುತ್ತಿತ್ತು. ಹಿಟ್ಟಿನ ಪಿಷ್ಟ, ಪ್ರೋಟೀನು ಹೆಚ್ಚಾದ ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಸೀಗೆಯಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ಪದಾರ್ಥವಿದೆ, ಅದರ ನೀರು ಹುಳಿಯ ಕಡೆಗೇ ಇರುತ್ತದೆ. ಬಟ್ಟೆಯಲ್ಲಿ ಒರೆಸಿದ ಮೇಲೂ ಜಿಡ್ಡು ಅನಿಸಿದರೆ ಒಂದು ಚಿಟಿಕೆ ನುಣುಪಾದ ಕಡಲೆ ಹಿಟ್ಟು ಸಾಕು. ಅದನ್ನು ಒತ್ತಿ ತಿಕ್ಕಬಾರದು.

ಮಾಡುವ ಕ್ರಮ ಸರಳ. ರಾತ್ರಿ, ಒಣ ಮುಖಕ್ಕೆ ಅರ್ಧ ಚಮಚ ಎಣ್ಣೆ. ಒಂದು ನಿಮಿಷ ಬೆರಳ ತುದಿಯಲ್ಲಿ ಮೆಲ್ಲಗೆ ಸವರಿ. ಕೈಗೆ ಹಿತವಾದ ಬಿಸಿನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಬಟ್ಟೆಯನ್ನು ಪ್ರತಿ ಸಲ ಒಗೆದು ಬಿಸಿಲಿಗೆ ಹಾಕಿ. ಬೆಳಗ್ಗೆ ಬರೀ ನೀರು ಸಾಕು. ಮೊದಲ ಕೆಲವು ದಿನ ಕಿವಿಯ ಹಿಂದೆ ಅಥವಾ ದವಡೆಯ ಅಂಚಿಗೆ ಹಚ್ಚಿ ನೋಡುವುದು ಒಳ್ಳೆಯದು.

ಕೆಲವರಿಗೆ ಇದು ಬೇಡವೇ ಬೇಡ. ಹುಬ್ಬು, ಮೂಗಿನ ಪಕ್ಕ ಕೆಂಪಾಗಿ ಹೊಟ್ಟು ಏಳುವವರ ಚರ್ಮದಲ್ಲಿ ಮಲಸೇಜಿಯಾ ಎಂಬ ಯೀಸ್ಟ್ ಜೋರಾಗಿರುತ್ತದೆ. ಅದು ಬದುಕುವುದೇ ಇಂಥ ಎಣ್ಣೆಗಳ ಕೊಬ್ಬಿನ ಆಮ್ಲಗಳ ಮೇಲೆ. ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಬಡಿಸಿದಂತೆ. ಕೀವು ತುಂಬಿದ ದೊಡ್ಡ ಮೊಡವೆ ಇರುವವರೂ ಮೊದಲು ಚರ್ಮವೈದ್ಯರನ್ನು ಕಾಣಲಿ.

ಎಣ್ಣೆ ಕೊಳ್ಳುವಾಗ ಎರಡು ವಿಷಯ ಕೇಳಿ. ಈಗ ಓಲಿಕ್ ಜಾಸ್ತಿ ಇರುವ ಕುಸುಬಿ ತಳಿಗಳೂ ಬಂದಿವೆ, ಮುಖಕ್ಕೆ ಬೇಕಾದದ್ದು ಹಳೆಯ ತರಹದ್ದು. ಎರಡನೆಯದು, ಎಣ್ಣೆ ಯಾವಾಗ ತೆಗೆದದ್ದು. ಲಿನೋಲಿಕ್ ಆಮ್ಲ ಗಾಳಿಯ ಆಮ್ಲಜನಕದ ಜೊತೆ ಬೇಗ ಸೇರುತ್ತದೆ. ಇದೇ ಗುಣದಿಂದ ಕುಸುಬಿ ಎಣ್ಣೆಯನ್ನು ಬಣ್ಣ, ವಾರ್ನಿಶ್ ಮಾಡಲೂ ಬಳಸುತ್ತಾರೆ, ಅದು ಗಾಳಿಗೆ ಒಣಗಿ ಪದರವಾಗುತ್ತದೆ. ಮುಖಕ್ಕೆ ಮಾತ್ರ ಹಾಗೆ ಕೆಟ್ಟ ಎಣ್ಣೆ ಉರಿ ತರಬಹುದು. ಗಾಣದಿಂದ ಸ್ವಲ್ಪವೇ ತನ್ನಿ. ಬಣ್ಣದ ಗಾಜಿನ ಸಣ್ಣ ಬಾಟಲಿಗೆ ತುಂಬಿ, ಬಿಸಿಲು ಬೀಳದ ಕಡೆ ಇಡಿ. ಕಮಟು ವಾಸನೆ ಬಂದರೆ ಮುಖಕ್ಕೆ ಹಚ್ಚಬೇಡಿ.